ಷರತ್ತುಗಳು ಅನ್ವಯ

ಅಮೆರಿಕದ ಸ್ವಾತಂತ್ರ್ಯ ದಿನ ಜುಲೈ 4 ಬಂತೆಂದರೆ ಡೆಟ್ರಾಯಿಟ್ ಸುತ್ತಲಿನ ನಮ್ಮವರಿಗೆ ಜೆಫರ್ಸನ್ ಮೈಮೇಲೆ ಬರುತ್ತಾನೆ. ಟ್ರಾಯ್, ಕ್ಯಾಂಟನ್‌ಗಳ ಹಿತ್ತಲಲ್ಲಿ ಗ್ರಿಲ್ ಮೇಲೆ ಜೋಳ, ಟ್ರೇ ತುಂಬ ಬಿಸಿಬೇಳೆಬಾತ್, ಬಾಯಿ ತುಂಬ ಸಮಾನತೆ. ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲೂ ಅದೇ ಮೆನು.

ಎಲ್ಲರೂ ಸಮಾನರು ಎಂದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಈ ಮಹಾನುಭಾವ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಬದುಕಿದ್ದಾಗ ಬಿಟ್ಟದ್ದು ಇಬ್ಬರನ್ನು. ಉಯಿಲಿನಲ್ಲಿ ಐವರನ್ನು. ಸತ್ತದ್ದೂ ಜುಲೈ 4ರಂದೇ, 1826ರಲ್ಲಿ. ಮರು ಜನವರಿಯಲ್ಲಿ ಸಾಲ ತೀರಿಸಲು 130 ಜನರನ್ನು ಹರಾಜಿಗಿಟ್ಟರು. ದನಕರು, ಮೇಜುಕುರ್ಚಿಗಳ ಜೊತೆಗೇ.

ಅದೆಲ್ಲ ಅವನ ಊರು ವರ್ಜೀನಿಯಾದ ಮಾತು ಅನ್ನುತ್ತೀರಾ? ಇರಿ.

ಷಿಕಾಗೋ, ಡೆಟ್ರಾಯಿಟ್ ಇರುವ ಈ ಸೀಮೆಯಲ್ಲಿ ಗುಲಾಮಗಿರಿ ಬೇಡ ಎಂದು 1787ರಲ್ಲೇ ಶಾಸನವಾಗಿತ್ತು. ಅದಕ್ಕೂ ಮೊದಲು, 1784ರಲ್ಲಿ, ಅಂಥದೊಂದು ಕರಡು ಬರೆದವನು ಜೆಫರ್ಸನ್ನೇ. ಒಂದೇ ಮತದಲ್ಲಿ ಬಿದ್ದುಹೋಯಿತು. ಪರರ ಸೀಮೆಯ ಗುಲಾಮಗಿರಿ ಎಂದರೆ ಅವನಿಗೆ ಬಲು ಸಂಕಟ.

1805ರಲ್ಲಿ, ಅಧ್ಯಕ್ಷನಾಗಿದ್ದಾಗ, ಅವನು ಡೆಟ್ರಾಯಿಟ್‌ಗೆ ವುಡ್‌ವರ್ಡ್ ಎಂಬ ನ್ಯಾಯಾಧೀಶನನ್ನು ಕಳಿಸಿದ. ಎರಡು ವರ್ಷಕ್ಕೆ ಡೆನಿಸನ್ ಎಂಬ ಕಪ್ಪು ದಂಪತಿ ಮಕ್ಕಳ ಬಿಡುಗಡೆ ಕೇಳಿ ಆ ನ್ಯಾಯಾಧೀಶನ ಮುಂದೆ ನಿಂತರು. ಶಾಸನ ಸರಿ, ಆದರೆ ಬ್ರಿಟಿಷರ ಕಾಲದ ಮಾಲೀಕರ ಸ್ವತ್ತಿಗೆ ಅದು ತಾಗುವುದಿಲ್ಲ ಎಂದ. ಸ್ವತ್ತು ಅಂದರೆ ಆ ಮಕ್ಕಳು. ಮಗಳು ಲಿಸೆಟ್ ಡೆಟ್ರಾಯಿಟ್ ಹೊಳೆ ದಾಟಿ, ಆಗ ಬ್ರಿಟಿಷರದಾಗಿದ್ದ ಕೆನಡಾಕ್ಕೆ ಹೋದಳು. ಸ್ವಾತಂತ್ರ್ಯ ಬೇಕಾಗಿ ಜೆಫರ್ಸನ್ನನ ದೇಶದಿಂದ ಇಂಗ್ಲೆಂಡಿನ ದೊರೆಯ ಆಶ್ರಯಕ್ಕೆ! ಆ ಹೊಳೆಯ ದಂಡೆಯಲ್ಲಿ ಈಗ ಇರುವುದು ಜೆಫರ್ಸನ್ ಅವೆನ್ಯೂ. ಅದರ ಹತ್ತಿರದಿಂದಲೇ ಹೊರಡುವುದು ವುಡ್‌ವರ್ಡ್ ಅವೆನ್ಯೂ. ಲಿಸೆಟ್ ಮುಂದೆ ಮರಳಿ ಬಂದು 1825ರಲ್ಲಿ ಪಾಂಟಿಯಾಕ್‌ನಲ್ಲಿ ತನ್ನ ಹೆಸರಿಗೇ ಜಮೀನು ಕೊಂಡಳು. ನಮ್ಮ ಹಿತ್ತಲಿನ ಭಾಷಣದಲ್ಲಿ ಅವಳ ಹೆಸರು ಈವರೆಗೆ ಕೇಳಿಲ್ಲ.

ಈಗ ನಮ್ಮ ಕಥೆ. 'ನಾವು ಕಾನೂನು ಪ್ರಕಾರ ಬಂದವರು ಕಣ್ರೀ' ಅನ್ನುತ್ತಾರೆ, ಎದೆ ಉಬ್ಬಿಸಿ. ಯಾವ ಕಾನೂನು ಸ್ವಾಮಿ? ಅಧ್ಯಕ್ಷ ವಾಷಿಂಗ್ಟನ್ ಸಹಿ ಹಾಕಿದ 1790ರ ಕಾಯ್ದೆ ಪೌರತ್ವ ಕೊಟ್ಟದ್ದು ಬಿಳಿಯರಿಗೆ ಮಾತ್ರ. 1923ರಲ್ಲಿ ವಲಸೆ ಬಂದ ಪಂಜಾಬಿ ಭಗತ್ ಸಿಂಗ್ ಥಿಂಡ್ ಸುಪ್ರೀಂ ಕೋರ್ಟಿನಲ್ಲಿ ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯನೇ ಎಂದು ವಾದಿಸಿದರು. ಕೋರ್ಟು ಒಪ್ಪಲಿಲ್ಲ. ಅಮೆರಿಕದಲ್ಲಿ ಜಾತಿ ಸರ್ಟಿಫಿಕೇಟ್ ನಡೆಯದೆ ಹೋದ ಅಪರೂಪದ ದಿನ ಅದು.

ನಮಗೆ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಅದನ್ನು ಸೆನೆಟ್ಟಿನಲ್ಲಿ ಮಂಡಿಸಿದವರು ನಮ್ಮ ಡೆಟ್ರಾಯಿಟ್ ಇರುವ ಮಿಷಿಗನ್ನಿನ ಫಿಲಿಪ್ ಹಾರ್ಟ್. ನಾಗರಿಕ ಹಕ್ಕಿಗಾಗಿ ಕಪ್ಪು ಜನ ಬೀದಿಗಿಳಿದು ಏಟು ತಿಂದದ್ದರ ಫಲ ಅದು. ಆ ಜನರ ಬಡಾವಣೆ ಬಂತೋ, ನಮ್ಮವರ ಕೈ ಕಾರಿನ ಲಾಕಿನ ಮೇಲೆ.

ಮೊನ್ನೆಯ ಪಾಟ್‌ಲಕ್‌ನಲ್ಲಿ ಒಬ್ಬ ಹಿರಿಯರು ಇಪ್ಪತ್ತು ನಿಮಿಷ ಜೆಫರ್ಸನ್ನನನ್ನು ಹೊಗಳಿದರು. ಚಪ್ಪಾಳೆ ಆಯಿತು. ತಟ್ಟೆ ಹಿಡಿದು ಪಕ್ಕಕ್ಕೆ ಬಂದರು. ದನಿ ತಗ್ಗಿಸಿದರು.

'ನಿಮ್ಮ ಮನೆದೇವರು ಯಾವುದು ಅಂದ್ರಿ?'

'ಜೆಫರ್ಸನ್' ಅಂದೆ. 'ನಿಮ್ಮದೂ ಅದೇ ಅಲ್ವಾ?'