ಜಗಳವಿಲ್ಲದ ಪುಟ

ಆಂಧ್ರದ ಗಡಿಯೂರು ಹಿಂದೂಪುರದ ಟೀ ಅಂಗಡಿಯಲ್ಲಿ ಕೂತವರಿಗೆ ಪೇಪರ್ ಓದುವ ಪಾಠ ಹೇಳಲು ಹೋಗಬೇಡಿ, ನಗುತ್ತಾರೆ. ‘ಈನಾಡು’ 1974ರಲ್ಲಿ ರಾಮೋಜಿ ರಾವ್ ಶುರುಮಾಡಿದ್ದು, 1982ರಲ್ಲಿ ಚಿತ್ರನಟ ಎನ್.ಟಿ.ಆರ್. ಪಕ್ಷ ಕಟ್ಟಿದಾಗ ಅವರ ಬೆನ್ನಿಗೆ ನಿಂತದ್ದು. ‘ಸಾಕ್ಷಿ’ 2008ರಲ್ಲಿ ಎದುರು ಪಾಳಯದ ಜಗನ್ ತಂದದ್ದು. ಒಬ್ಬರಿಗೆ ಜನಸಾಗರ ಕಂಡ ಸಭೆಯಲ್ಲೇ ಇನ್ನೊಬ್ಬರಿಗೆ ಖಾಲಿ ಕುರ್ಚಿ ಕಾಣುತ್ತದೆ. ನಮ್ಮ ಗಿರಾಕಿ ಎರಡನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಟೀ ಮುಗಿಸಿ ಏಳುತ್ತಾನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವವನನ್ನು ಯಾಮಾರಿಸುವುದು ಅಷ್ಟು ಸುಲಭವೇ?

ಸುಲಭವೇ ಸ್ವಾಮಿ. ಪೇಪರುಗಳು ಜಗಳವಾಡದ ಪುಟ ತೆಗೆಯಿರಿ. ಮೊದಲ ಪುಟದಲ್ಲಿ ಜುಟ್ಟು ಹಿಡಿದವರು ವಧೂವರರ ಪುಟಕ್ಕೆ ಬಂದರೆ ಬೀಗರಾಗಿಬಿಡುತ್ತಾರೆ! ಹುಡುಗಿ ಬೆಳ್ಳಗಿರಬೇಕು, ಹುಡುಗನಿಗೆ ಸಾಫ್ಟ್‌ವೇರ್ ಕೆಲಸವಿರಬೇಕು, ಜಾತಿಗೊಂದು ಕಾಲಂ ಇರಬೇಕು. ಇದಕ್ಕೆ ಯಾರ ಖಂಡನೆಯೂ ಇಲ್ಲ, ಸ್ಪಷ್ಟನೆಯೂ ಇಲ್ಲ.

ಯಾಮಾರಿಸುವುದರಲ್ಲಿ ಸಿನಿಮಾ ಪೇಪರಿಗಿಂತ ಜಾಣ. ಈ ಊರಿಗೆ ಎನ್.ಟಿ.ಆರ್. 1985, 89, 94ರಲ್ಲಿ ಶಾಸಕರು. ಮಗ ಬಾಲಕೃಷ್ಣ 2014, 19, 24ರಲ್ಲಿ. ತೆರೆಗೂ ಮತಪೆಟ್ಟಿಗೆಗೂ ಇಲ್ಲಿ ಒಂದೇ ಬಾಗಿಲು. ಬಾಲಕೃಷ್ಣರ 1999ರ ‘ಸಮರಸಿಂಹಾರೆಡ್ಡಿ’ ಗೆದ್ದ ಮೇಲೆ ತೆರೆಯಲ್ಲಿ ಈ ಊರಿರುವ ರಾಯಲಸೀಮೆ ಎಂದರೆ ಮಚ್ಚು, ಬಾಂಬು, ಧೂಳೆಬ್ಬಿಸುವ ಸುಮೋ. ವಿಲನ್ ಕಡಿದರೆ ಕೊಲೆ, ಹೀರೋ ಕಡಿದರೆ ಧರ್ಮಸ್ಥಾಪನೆ; ಕೋರ್ಟಿಗೆ ಸೀನೇ ಇಲ್ಲ. ಗಡಿಯಾಚೆಯ ಕನ್ನಡಿಗರಾದ ನಾವು ಸಾಚಾ ಅಂದುಕೊಳ್ಳಬೇಡಿ. 1995ರ ‘ಓಂ’ನಿಂದ ಶುರುವಾಗಿ ನಮ್ಮ ತೆರೆಯ ಮೇಲೂ ಮಚ್ಚಿಗೆ ಶಿಳ್ಳೆ ಬಿದ್ದಿದೆ. ಭಾಷಾವಾರು ಪ್ರಾಂತ್ಯ ರಚನೆಯಲ್ಲಿ ನಾಡು ಎರಡಾಯಿತು, ಮಚ್ಚು ಮಾತ್ರ ಒಂದೇ ಉಳಿಯಿತು.

ಅತ್ತ ತೆರೆಯಾಚೆಯ ನಿಜವಾದ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಯಿದೆ, ರೇಷ್ಮೆಗೂಡಿನ ಮಾರುಕಟ್ಟೆಯಿದೆ. ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ರೈತನನ್ನು ಕೇಳಿ: ಅವನ ವಿಲನ್ ಬಾರದ ಮಳೆ. ಪಾಪ, ಮಳೆಗೆ ಮೀಸೆಯಿಲ್ಲ, ಪಾತ್ರ ಸಿಗಲಿಲ್ಲ.

ಆದ್ದರಿಂದ ಪೇಪರುಗಳು ಬೈದಾಡಿಕೊಂಡರೆ ಗಾಬರಿ ಬೇಡ. ಒಬ್ಬರ ಬಣ್ಣವನ್ನು ಇನ್ನೊಬ್ಬರು ಪುಗಸಟ್ಟೆ ಬಯಲು ಮಾಡುತ್ತಾರೆ. ಎಲ್ಲರೂ ತಲೆಯಾಡಿಸುವ ಕಡೆಯಷ್ಟೇ ಕನ್ನಡಕ ಒರೆಸಿಕೊಳ್ಳಿ. ಅದೂ ಸಾಲದಿದ್ದರೆ ವಧೂವರರ ಪುಟವನ್ನು ಮಗಳ ಕೈಗೆ ಕೊಟ್ಟು ಅಭಿಪ್ರಾಯ ಕೇಳಿ. ಎರಡೂ ಪೇಪರಿಗೆ ಸೇರಿ ಒಂದೇ ವಿರೋಧಪಕ್ಷ ನಿಮ್ಮ ಮನೆಯಲ್ಲೇ ಸಿಗುತ್ತದೆ.