ಮುದ್ರಣಸಿದ್ಧ ಕಡತ ಮೀಮಾಂಸೆ: ಮುಂಬಯಿ ಶಾಖೆ

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನವೇನು ಎಂಬ ನಾಲ್ಕು ಅನುಬಂಧಗಳನ್ನು ಮೊದಲಿಗೇ ಹೇಳಿಬಿಡಬೇಕೆಂದು ಪೂರ್ವಸೂರಿಗಳ ವಿಧಿ. ಹೇಳಿಬಿಡುತ್ತೇವೆ. ಅಧಿಕಾರಿ: ಬ್ಯಾಂಕಿನಿಂದಲೋ ರೈಲ್ವೆಯಿಂದಲೋ ನಿವೃತ್ತನಾಗಿ, ಡೊಂಬಿವಲಿಯಲ್ಲೋ ವಿರಾರಿನಲ್ಲೋ ಒಂದು ಬಿಎಚ್‌ಕೆಯಲ್ಲಿ ನೆಲೆಸಿ, ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಹೊಸೆದ ಕವಿತೆಗಳನ್ನು ಈಗ ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಲು ಹೊರಟ ಕನ್ನಡಿಗ. ವಿಷಯ: ಆ ಕವಿತೆಗಳಲ್ಲ, ಅವನ್ನು ಹೊತ್ತು ಪ್ರೆಸ್ಸಿಗೆ ಹೋಗುವ ಪಿಡಿಎಫ್. ಸಂಬಂಧ: ಕವಿಗೂ ಕಡತಕ್ಕೂ ಇರುವುದು ಆತ್ಮ-ದೇಹ ಸಂಬಂಧವೆಂದು ಕೆಲವರು, ಸಾಲಗಾರ-ಜಾಮೀನುದಾರ ಸಂಬಂಧವೆಂದು ಅನುಭವಸ್ಥರು. ಪ್ರಯೋಜನ: ಭಾನುವಾರ ಸಂಜೆ ಮಾಟುಂಗದ ಮೈಸೂರು ಅಸೋಸಿಯೇಶನ್ ಸಭಾಗೃಹದಲ್ಲಿ ಮುಖ್ಯ ಅತಿಥಿಗಳು ಬಣ್ಣದ ಕಾಗದ ಬಿಚ್ಚಿದಾಗ ಒಳಗೆ ಪುಸ್ತಕವೇ ಇರುವುದು.

ಈ ಕೊನೆಯದನ್ನು ಹಗುರವಾಗಿ ಕಾಣಬಾರದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ನಿರಲಿ, ಮಾಹಿಮಿನ ಕರ್ನಾಟಕ ಸಂಘವಿರಲಿ, ಬೇಕಾದ ಭಾನುವಾರ ಬೇಕಾದ ಸಭಾಗೃಹ ಸಿಗುವುದು ಪೂರ್ವಜನ್ಮದ ಪುಣ್ಯ. ಆದ್ದರಿಂದ ಈ ನಗರದ ಪ್ರಕಟಣಾಕ್ರಮದಲ್ಲಿ ಮೊದಲು ಸಭಾಗೃಹ, ಆಮೇಲೆ ಅಧ್ಯಕ್ಷರು, ಆಮೇಲೆ ಆಮಂತ್ರಣ ಪತ್ರಿಕೆ, ಕಟ್ಟಕಡೆಗೆ ಪುಸ್ತಕ. ಆ ಭಾನುವಾರ ಮಧ್ಯ ರೈಲ್ವೆಯಲ್ಲಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇದ್ದೇ ಇರುತ್ತದೆಂಬುದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧವಾದ್ದರಿಂದ ಚರ್ಚಿಸುವುದಿಲ್ಲ.

ಇನ್ನು ಲಕ್ಷಣ. ಮುದ್ರಣಸಿದ್ಧ ಕಡತವೆಂದರೇನು? ‘ಓದಲು ಬಾರದವನ ಕೈಗೆ ಒಪ್ಪಿಸಿ ಕರ್ತೃ ನಿದ್ದೆಹೋಗಬಹುದಾದ ಕಡತ’ ಎಂಬುದು ನಮ್ಮ ನಿರ್ವಚನ. ಬೆಂಗಳೂರಿನ ಪಂಡಿತರಿಗೆ ಇದು ವಿಚಿತ್ರವಾಗಿ ಕೇಳಿಸೀತು. ಅಲ್ಲಿ ಕಡತದಲ್ಲಿ ‘ಅಮ್ಮ’ ಒಡೆದುಹೋಗಿದ್ದರೆ ಪ್ರೆಸ್ಸಿನ ಹುಡುಗನೇ ಫೋನು ಮಾಡುತ್ತಾನೆ. ಇಲ್ಲಿ ಕಂಪ್ಯೂಟರಿನ ಮುಂದೆ ಕುಳಿತವನು ರತ್ನಾಗಿರಿಯವನೋ ಜೌನ್‌ಪುರದವನೋ ಆಗಿರುತ್ತಾನೆ. ಅವನ ಪಾಲಿಗೆ ನಮ್ಮ ಖಂಡಕಾವ್ಯವೂ ನಮ್ಮ ವಿದ್ಯುತ್ ಬಿಲ್ಲೂ ಸಮಾನ ಸೌಂದರ್ಯದವು. ಈ ಸಮದೃಷ್ಟಿಯನ್ನು ವಿಮರ್ಶಕರಲ್ಲಿ ಕಾಣುವುದು ಕಷ್ಟ.

ಲಕ್ಷಣಕ್ಕೆ ಮೂರು ದೋಷಗಳನ್ನು ಹಚ್ಚಿ ನೋಡುವುದು ನ್ಯಾಯಶಾಸ್ತ್ರದ ಪದ್ಧತಿ. ಅವ್ಯಾಪ್ತಿ: ಕನ್ನಡ ಬಲ್ಲ ಸೋದರಳಿಯನೇ ಪ್ರೆಸ್ಸಿನಲ್ಲಿದ್ದರೆ ಲಕ್ಷಣ ಹೊಂದುವುದಿಲ್ಲವಲ್ಲ? ಹೊಂದುತ್ತದೆ, ಕನ್ನಡ ಬಲ್ಲ ಸೋದರಳಿಯ ಮಾವನ ಕವಿತೆ ಓದಿದ ನಿದರ್ಶನವಿಲ್ಲ. ಅತಿವ್ಯಾಪ್ತಿ: ಖಾಲಿ ಕಡತವನ್ನು ಕೊಟ್ಟರೂ ನಿದ್ದೆ ಬರುತ್ತದಲ್ಲ? ಬರಲಿ, ಖಾಲಿ ಪುಟಗಳೂ ಪುಸ್ತಕಕ್ಕೆ ಅತ್ಯಗತ್ಯವೆಂದು ಮುಂದೆ ಸಾಧಿಸಲಿದ್ದೇವೆ. ಅಸಂಭವ: ಕಡತ ಕಳಿಸಿದ ಮೇಲೆ ಕವಿ ನಿದ್ದೆ ಮಾಡುವುದು ಎಂದಾದರೂ ಉಂಟೆ? ಇದು ಪೂರ್ವಪಕ್ಷದ ಪ್ರಬಲ ಆಕ್ಷೇಪ. ಉತ್ತರ ಗ್ರಂಥಾಂತ್ಯದವರೆಗೂ ದೊರೆಯುವುದಿಲ್ಲವೆಂದು ಈಗಲೇ ತಿಳಿಸಿರುತ್ತೇವೆ.

ಈ ಶಾಸ್ತ್ರದಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಮತ್ಸ್ಯಗಂಧಾ ಪಂಥ. ಇವರು ಕಡತವನ್ನು ಮಂಗಳೂರಿಗೋ ಉಡುಪಿಗೋ ಮಿಂಚಂಚೆಯಲ್ಲಿ ಕಳಿಸಿ, ಅಚ್ಚಾದ ಕಟ್ಟುಗಳನ್ನು ಊರಿಂದ ಬರುವ ನೆಂಟರ ಜೊತೆ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ ಕುರ್ಲಾಕ್ಕೆ ತರಿಸುತ್ತಾರೆ. ಹಲಸಿನ ಹಪ್ಪಳವೂ ಕವನಸಂಕಲನವೂ ಒಂದೇ ಚೀಲದಲ್ಲಿ ಬರುವುದು ಇವರಲ್ಲಿ ಶಿಷ್ಟಾಚಾರ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇವರು ಹೊರಿಸುವುದು ಭಾವನ ತಲೆಯ ಮೇಲೆ. ಎರಡನೆಯದು ಲೋವರ್ ಪರೇಲ್ ಪಂಥ. ಗಿರಣಿಗಳು ಮುಚ್ಚಿದ ಸೀಮೆಯಲ್ಲಿ ಇನ್ನೂ ಉಸಿರಾಡುತ್ತಿರುವ ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಳೆ ಎಂಬ ಮಳಿಗೆಗಳಲ್ಲಿ, ಮದುವೆ ಕಾರ್ಡು ಮತ್ತು ಔಷಧಿ ಡಬ್ಬಿಗಳ ನಡುವೆ ಕನ್ನಡ ಕಾವ್ಯವನ್ನು ಅಚ್ಚುಹಾಕಿಸುವವರು. ಕಷ್ಟ ಹೆಚ್ಚಿರುವಲ್ಲಿ ಶಾಸ್ತ್ರ ಹೆಚ್ಚು ಬೆಳೆಯುತ್ತದೆಂಬ ನ್ಯಾಯದಿಂದ ಈ ಗ್ರಂಥ ಎರಡನೆಯ ಪಂಥಕ್ಕೆ ಸೇರಿದ್ದು.

ಈಗ ಲಿಪಿಖಂಡ. ನಮ್ಮ ಅಧಿಕಾರಿ ತನ್ನ ಕವಿತೆಗಳನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಸಿರುತ್ತಾನೆ. ಯೂನಿಕೋಡ್ ನುಡಿಯಲ್ಲ, ಹಳೆಯದು. ಅದನ್ನು ನುಡಿ ಅಕ್ಷರವಿನ್ಯಾಸವಿಲ್ಲದ ಪ್ರೆಸ್ಸಿನ ಯಂತ್ರದಲ್ಲಿ ತೆರೆದಾಗ ಕಾಣುವುದನ್ನು ಶಾಸನಶಾಸ್ತ್ರದ ಕ್ರಮದಲ್ಲಿ ಪರಿಶೀಲಿಸೋಣ. ‘ಕನ್ನಡ’ ಎಂಬ ಮೂರಕ್ಷರ ಏಳು ಚಿಹ್ನೆಗಳಾಗಿ ಒಡೆದು ಕೂತಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟುಳ್ಳ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಪುನಃ ಅದೇ ಎ. ಇಂಗ್ಲಿಷು ಮತ್ತು ಯುರೋಪಿನ ಭಾಷೆಗಳಿಗೆಂದು ಮೀಸಲಾಗಿದ್ದ 256 ಮನೆಗಳೊಳಗೆ ಕನ್ನಡದ ಅಂಗಾಂಗಗಳನ್ನು ಬಾಡಿಗೆಗೆ ಇಟ್ಟದ್ದರ ಫಲ ಇದೆಂದು ತಂತ್ರಜ್ಞರು ಸಪ್ಪೆಯಾಗಿ ವಿವರಿಸುತ್ತಾರೆ. ನಾವು ಆಳಕ್ಕೆ ಇಳಿಯುತ್ತೇವೆ. ಪೌಂಡಿನ ಗುರುತು ‘ನ’ಕಾರಕ್ಕೆ ನಿಂತು ಸೂಚಿಸುವುದು ಕಂಪನಿ ಸರಕಾರದ ಕಾಲದ ಕಂದಾಯಬಾಕಿಯನ್ನು. ಕೆಳಗೆ ಬರುವ ‘ನ’ ಒತ್ತಿಗೆ ಜರ್ಮನ್ ಅಕ್ಷರ ನಿಂತಿರುವುದು 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೊಗ್ಲಿಂಗ್ ಮತ್ತು 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಇವರಿಗೆ ಸಲ್ಲಿಸಿದ ಗುರುದಕ್ಷಿಣೆ. ಒತ್ತು ಕೆಳಗೇ ಇರುವುದು ಶಿಷ್ಯಭಾವ. ಮೂರು ಸಲ ಬರುವ ಗೀಟಿನ ಎ ಫ್ರೆಂಚರದು. ಅದು ಟಿಪ್ಪುವಿನ ಮೈತ್ರಿಯ ಪಳೆಯುಳಿಕೆ. ಪ್ರತಿಯೊಂದು ತಲೆಕಟ್ಟಿಗೂ ಒಬ್ಬ ಫ್ರೆಂಚ್ ಸಿಪಾಯಿ ಕಾವಲಿದ್ದರೂ ಶ್ರೀರಂಗಪಟ್ಟಣ ಬಿದ್ದದ್ದೇಕೆ ಎಂಬುದನ್ನು ಇತಿಹಾಸಕಾರರು ಯೋಚಿಸಲಿ.

ಪ್ರೆಸ್ಸಿನವನು ಇದಾವುದನ್ನೂ ಗಮನಿಸದೆ ‘ಫಾಂಟ್ ಮಿಸ್ಸಿಂಗ್ ಹೈ’ ಎಂದಷ್ಟೇ ಹೇಳುತ್ತಾನೆ.

ಪರಿಹಾರ ಯೂನಿಕೋಡ್. ಇಲ್ಲಿ ಗ್ರಂಥಕರ್ತನಿಗೆ ಅಣಕು ಬಿಟ್ಟು ಒಂದು ಮಾತು ಹೇಳುವ ಮನಸ್ಸಾಗುತ್ತದೆ. ಕನ್ನಡ ಗಣಕಾಕ್ಷರಗಳ ವಂಶಾವಳಿ ಬೆಂಗಳೂರಿನಿಂದಲೇ ಶುರುವಾಗುತ್ತದೆಂಬ ನಂಬಿಕೆ ಪೂರ್ತಿ ನಿಜವಲ್ಲ. ನುಡಿಯ ಕೀಲಿಮಣೆ ವಿನ್ಯಾಸ ಯಾರ ಬುದ್ಧಿಯ ಫಲವೋ ಆ ಕೆ. ಪಿ. ರಾವ್ ಈ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ವಿಂಡೋಸ್ ಯಂತ್ರಗಳಲ್ಲಿ ತಾನಾಗಿಯೇ ಬಂದು ಕೂತ ‘ತುಂಗಾ’ ಅಕ್ಷರವಿನ್ಯಾಸ ರೂಪುಗೊಂಡದ್ದು ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ. ಅವರು ಮರಾಠಿ ಕವಿ, ಕ್ಯಾಲಿಗ್ರಫಿಯ ಕಲಾವಿದ, ಪವಯಿಯ ಐಐಟಿಯಲ್ಲಿ ವಿನ್ಯಾಸದ ಮೇಷ್ಟ್ರಾಗಿದ್ದವರು. ಕನ್ನಡಕ್ಕೆ ಬಲೂ ತಮ್ಮ ಎಂಬ ದಪ್ಪಗಿನ, ಪುಟಾಣಿ ಮುಖದ ಅಕ್ಷರವಿನ್ಯಾಸ ಕೊಟ್ಟ ಏಕ್ ಟೈಪ್ ಕೂಡ ಮುಂಬಯಿಯದೇ. ತುಂಗೆ ಹುಟ್ಟುವುದು ಗಂಗಮೂಲದಲ್ಲಿ ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ಅರ್ಧ ತುಂಗೆ ಅರಬ್ಬಿ ಸಮುದ್ರದ ದಡದಲ್ಲಿ ಹುಟ್ಟಿ ಹಿಂದಕ್ಕೆ ಹರಿಯಿತೆಂದು ನಾವು ತಿದ್ದುಪಡಿ ಸೂಚಿಸುತ್ತೇವೆ.

ಯೂನಿಕೋಡಿಗೆ ಬದಲಾಯಿಸಿದೊಡನೆ ಮುಗಿಯಿತೆಂದು ಭಾವಿಸುವವನು ಬಾಲಬೋಧೆಯ ವಿದ್ಯಾರ್ಥಿ. 2001ರ ಏಳನೆಯ ಆವೃತ್ತಿಯ ನಂತರ ಮುಂದುವರಿಯದ ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ, ಆದರೆ ಹಳೇ ಪ್ರೆಸ್ಸುಗಳಿಗೆ ಗೊತ್ತಿರುವುದು ಪೇಜ್‌ಮೇಕರೇ. ಇನ್‌ಡಿಸೈನಿಗೆ ಗೊತ್ತಿದೆ, ಆದರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಒಂದು ಗುಂಡಿಯನ್ನು ಒತ್ತಬೇಕು. ಒತ್ತದಿದ್ದರೆ ಒತ್ತಕ್ಷರಗಳು ಮೇಲಿನ ಮನೆಗೆ ಬಂದುಬಿಡುತ್ತವೆ: ‘ಅಮ್ಮನಿಗೆ ಅರ್ಪಣೆ’ ಎಂಬುದು ‘ಅಮ್‌ಮನಿಗೆ ಅರ್‌ಪಣೆ’ ಆಗಿ, ಅಮ್ಮ ಇದ್ದಿದ್ದರೆ ‘ಇಷ್ಟು ವರ್ಷ ಓದಿಸಿದ್ದು ಇದಕ್ಕಾ ಮಗಾ’ ಎಂದು ಕೇಳುವಂತಿರುತ್ತದೆ. ಜೌನ್‌ಪುರದವನ ಕಣ್ಣಿಗೆ ಎರಡೂ ಚೆಂದವೇ. ಅವನಿಗೆ ಒಂದು ಅಕ್ಷರವೂ ಬಾರದಿದ್ದರೂ 37ನೇ ಪುಟವೂ 53ನೇ ಪುಟವೂ ಒಂದೇ ಚಿತ್ರ ಎಂದು ಹಿಡಿದುಕೊಡುವ ಕಣ್ಣಿದೆ. ಅದೇ ಕವಿತೆ ಎರಡು ಸಲ ಸೇರಿಕೊಂಡದ್ದು ಕವಿಗೂ ಮುನ್ನುಡಿಕಾರರಿಗೂ ಗೊತ್ತಾಗಿರುವುದಿಲ್ಲ. ಕರಡು ತಿದ್ದುವವರಿಗೆ ಕೊಡುವ ಸಂಭಾವನೆಯಲ್ಲಿ ಅರ್ಧ ಅವನಿಗೆ ಸಲ್ಲತಕ್ಕದ್ದು.

ಈ ಸಕಲ ಕ್ಲೇಶಗಳಿಗೂ ಮುಂಬಯಿ ಪ್ರೆಸ್ಸುಗಳು ಕಂಡುಕೊಂಡ ಮಹಾವಾಕ್ಯ ಒಂದೇ: ‘ಸಬ್ ಕರ್ವ್ ಕರ್ ಕೇ ಭೇಜೋ’. ಅಕ್ಷರಗಳನ್ನೆಲ್ಲ ಕರ್ವ್ಸ್, ಅಂದರೆ ಬರೀ ರೇಖೆಗಳ ಆಕೃತಿ, ಮಾಡಿ ಕಳಿಸಿರೆಂದು ಅರ್ಥ. ಆಮೇಲೆ ಫಾಂಟ್ ಬೇಡ, ಯೂನಿಕೋಡ್ ಬೇಡ, ಒತ್ತು ಜಾರುವ ಭಯವಿಲ್ಲ. ವೇದಾಂತದ ದೃಷ್ಟಿಯಿಂದ ಇದು ಮೋಕ್ಷ: ಅಕ್ಷರ ನಾಮವನ್ನು ಕಳೆದುಕೊಂಡು ರೂಪಮಾತ್ರವಾಗಿ ಉಳಿಯುತ್ತದೆ, ತಿದ್ದುಪಡಿಯೆಂಬ ಪುನರ್ಜನ್ಮ ಇಲ್ಲ. ಆದರೆ ನಮ್ಮ ಅಧಿಕಾರಿ ಮುಮುಕ್ಷುವಲ್ಲ. ಕರ್ವ್ ಮಾಡಿದ ರಾತ್ರಿಯೇ ಅವನಿಗೆ ನಾಲ್ಕನೇ ಕವಿತೆಯ ಎರಡನೇ ಸಾಲಿನ ‘ಮೌನ’ವನ್ನು ‘ನೀರವ’ ಮಾಡಬೇಕೆನಿಸುತ್ತದೆ. ಮೋಕ್ಷ ಹೊಂದಿದ ಅಕ್ಷರಗಳನ್ನು ಮತ್ತೆ ಸಂಸಾರಕ್ಕೆ ಎಳೆಯಬೇಕಾದರೆ ಮೂಲ ಕಡತ ಬೇಕು. ಮೂಲ ಕಡತ ಡಿಟಿಪಿಯವನ ಬಳಿ ಇದೆ. ಅವನು ಗಣಪತಿ ಹಬ್ಬಕ್ಕೆ ಊರಿಗೆ ಹೋಗಿದ್ದಾನೆ.

ಇನ್ನು ಈ ಗ್ರಂಥದ ಹೃದಯವಾದ ಫಾರಂ ಸಿದ್ಧಾಂತ. ಡೆಮಿ 1/8 ಆಕಾರದ ಪುಸ್ತಕದಲ್ಲಿ ಒಂದು ದೊಡ್ಡ ಹಾಳೆಯ ಎರಡೂ ಮಗ್ಗುಲು ಅಚ್ಚಾಗಿ ಮಡಚಿಕೊಂಡರೆ 16 ಪುಟ. ಅದೇ ಒಂದು ಫಾರಂ. ಪುಟಸಂಖ್ಯೆ 16ರಿಂದ ಭಾಗವಾಗದಿದ್ದರೆ ಉಳಿದ ಪುಟಗಳಿಗೂ ಕಾಗದದ ದುಡ್ಡು ತೆರಲೇಬೇಕು. ಕವಿತೆಗಳು 134 ಪುಟಕ್ಕೆ ನಿಂತವೆನ್ನಿ. ಮುಂದಿನ ಘಟ್ಟ 144. ಹತ್ತು ಪುಟ ಖಾಲಿ. ದುಡ್ಡು ಕೊಟ್ಟ ಕಾಗದವನ್ನು ಬಿಳಿಯಾಗಿ ಬಿಡಲು ಮುಂಬಯಿಯಲ್ಲಿ ಚದರಡಿ ಲೆಕ್ಕದಲ್ಲಿ ಬದುಕಿದ ಜೀವಕ್ಕೆ ಮನಸ್ಸು ಬರುವುದಿಲ್ಲ. ಹಾಗಾಗಿ ಮುನ್ನುಡಿ ನಾಲ್ಕು ಪುಟ, ಹಾರೈಕೆ ಎರಡು, ಅರಿಕೆ ಎರಡು, ಕೃತಜ್ಞತೆ ಎರಡು. ಕನ್ನಡ ಪುಸ್ತಕಗಳಲ್ಲಿ ಮುನ್ನುಡಿಗಳು ಇಷ್ಟೊಂದು ಏಕೆ ಎಂದು ಸಮಾಜಶಾಸ್ತ್ರದಲ್ಲಿ ಉತ್ತರ ಹುಡುಕಿದವರೆಲ್ಲ ದಾರಿ ತಪ್ಪಿದ್ದಾರೆ. ಕಾರಣ ವಿನಯವಲ್ಲ, ಭಾಗಾಕಾರ.

ಆದರೆ ಮುನ್ನುಡಿಕಾರರಿಗೆ ಭಾಗಾಕಾರ ತಿಳಿಯದು. ನಾಲ್ಕು ಪುಟ ಕೇಳಿದರೆ ಆರು ಪುಟ ಬರೆದು, ಒಂದಕ್ಷರವನ್ನೂ ಕಡಿಯಬಾರದೆಂದು ಸೂಚನೆಯನ್ನೂ ಕೊಡುತ್ತಾರೆ. ಪುಟ 146 ಆಯಿತು. ಮುಂದಿನ ಘಟ್ಟ 160. ಈಗ ಖಾಲಿ ಹದಿನಾಲ್ಕು. ಇನ್ನೊಬ್ಬ ಹಿರಿಯರಿಂದ ಇನ್ನೊಂದು ಮುನ್ನುಡಿ. ಅದರಿಂದ ಮೊದಲಿನವರಿಗೆ ನೋವಾಗಬಾರದೆಂದು ಅವರ ಪರಿಚಯಕ್ಕೆ ಎರಡು ಪುಟ. ಆಮೇಲೂ ಉಳಿದ ಪುಟಗಳಿಗೆ ಕವಿ ಒಂದೇ ರಾತ್ರಿ ಕೂತು ಮೂರು ಮೂರು ಸಾಲಿನ ಪದ್ಯ ಬರೆಯುತ್ತಾನೆ. ಹನಿಗವನದ ಉಗಮವನ್ನು ಇಲ್ಲೇ ಹುಡುಕಬೇಕೆಂಬುದು ನಮ್ಮ ಗುಮಾನಿ, ಪಿಎಚ್‌.ಡಿ. ಬೇಕಾದವರು ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಅರ್ಜಿ ಹಾಕಬಹುದು. ಅತ್ಯಂತ ಕೊನೆಯ ಉಪಾಯವಾಗಿ ‘ಲೇಖಕರ ಇತರ ಕೃತಿಗಳು’ ಎಂಬ ಪುಟ. ಮೊದಲ ಪುಸ್ತಕವಾದ್ದರಿಂದ ಅದರಲ್ಲಿ ‘ಅಚ್ಚಿನಲ್ಲಿ’ ಎಂಬ ವರ್ಗ ಮಾತ್ರ ಇರುತ್ತದೆ.

ರಕ್ಷಾಪುಟದ ಅಧ್ಯಾಯವನ್ನು ಬೇಗ ಮುಗಿಸುತ್ತೇವೆ. ಸುತ್ತಲೂ ಮೂರು ಮಿಲಿಮೀಟರು ಬ್ಲೀಡ್ ಬಿಡಬೇಕು, ಕತ್ತರಿಸುವ ಯಂತ್ರದ ಕೈ ಅಷ್ಟು ನಡುಗುತ್ತದೆ. ಪರದೆಯ ಮೇಲೆ ಕಂಡ ಕರಾವಳಿಯ ಹಸಿರು ಸಿಎಂವೈಕೆಯ ನಾಲ್ಕು ಶಾಯಿಗಳಲ್ಲಿ ಬರುವಾಗ ಬೇಸಗೆಯ ಹಸಿರಾಗುತ್ತದೆ, ಜಗಳವಾಡಿ ಫಲವಿಲ್ಲ. ಶೀರ್ಷಿಕೆಯ ಕಪ್ಪನ್ನು ಕಪ್ಪು ಶಾಯಿಯೊಂದರಲ್ಲೇ ಇಡಬೇಕು, ನಾಲ್ಕರಲ್ಲೂ ಹಂಚಿದರೆ ಒಂದಿಷ್ಟು ಜರುಗಿದ ಕೂಡಲೇ ಕವಿಯ ಹೆಸರಿಗೆ ಬಣ್ಣದ ನೆರಳುಗಳು. ಬೆನ್ನುಪುಟದ ಎರಡಿಂಚು ಅಗಲದ ಭಾವಚಿತ್ರಕ್ಕೆ ಇಂಚಿಗೆ 300ರಂತೆ 600 ಚುಕ್ಕಿ ಬೇಕು. ಮಗಳ ಮದುವೆಯ ಆಲ್ಬಮ್ಮಿನಿಂದ ಕತ್ತರಿಸಿ, ವಾಟ್ಸಾಪಿನಲ್ಲಿ ಮೂರು ಮನೆ ಸುತ್ತಿ ಬಂದ ಚಿತ್ರದಲ್ಲಿ ಅಷ್ಟು ಉಳಿದಿರುವುದಿಲ್ಲ. ಭುಜದ ಮೇಲೆ ಪಕ್ಕದವರ ಕೈ ಮಾತ್ರ ಸ್ಪಷ್ಟವಾಗಿ ಉಳಿದಿರುತ್ತದೆ.

ಐಎಸ್‌ಬಿಎನ್ ತ್ರಯೋದಶಾಂಕೀ ಮಂತ್ರ. ದೆಹಲಿಯ ರಾಜಾ ರಾಮಮೋಹನ್ ರಾಯ್ ಹೆಸರಿನ ಸಂಸ್ಥೆ ಇದನ್ನು ಪುಕ್ಕಟೆ ಉಪದೇಶಿಸುತ್ತದೆ. ಮೊದಲ ಹನ್ನೆರಡು ಅಂಕಿಗಳನ್ನು ಸರದಿಯಂತೆ ಒಂದರಿಂದ, ಮೂರರಿಂದ ಗುಣಿಸಿ ಕೂಡಿಸಿದ ಮೊತ್ತಕ್ಕೆ ಹದಿಮೂರನೆಯದು ಸೇರಿದಾಗ ಹತ್ತರಿಂದ ಭಾಗವಾಗಬೇಕು. ಒಂದು ಅಂಕಿ ತಪ್ಪಿ ಅಚ್ಚಾದರೂ ಮಂತ್ರ ಫಲಿಸುವುದಿಲ್ಲ. ಇಡೀ ಪುಸ್ತಕದಲ್ಲಿ ತಪ್ಪನ್ನು ತಾನೇ ಹಿಡಿಯುವ ಸಾಲು ಇದೊಂದೇ.

ಅಚ್ಚಾದ ಮೇಲೆ 1954ರ ಕಾಯಿದೆಯಂತೆ ಮೂವತ್ತು ದಿನಗಳೊಳಗೆ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತ ಇತರ ಗ್ರಂಥಾಲಯಗಳಿಗೂ ಸ್ವಂತ ವೆಚ್ಚದಲ್ಲಿ ಒಪ್ಪಿಸಬೇಕು. ಅವುಗಳಲ್ಲೊಂದು ಇದೇ ನಗರದ ಫೋರ್ಟಿನ ಟೌನ್ ಹಾಲಿನಲ್ಲಿದೆ. ತಪ್ಪಿದರೆ ಐವತ್ತು ರೂಪಾಯಿವರೆಗೆ ದಂಡ, ಜೊತೆಗೆ ಪುಸ್ತಕದ ಬೆಲೆ. ಕವಿತೆಗಳಿಗೆ ಬೆಲೆ ಕಟ್ಟಿದ ಏಕೈಕ ಶಾಸನವೆಂದು ಕೆಲವು ಕವಿಗಳು ಬೇಕೆಂದೇ ದಂಡಕ್ಕೆ ಕಾದು ಕೂತಿರುವುದುಂಟು.

ಉಳಿದದ್ದು ಒಪ್ಪೋಲೆ, ಅಂದರೆ ತಪ್ಪು ತಿದ್ದುವ ಚೀಟಿ. ಬಿಡುಗಡೆಗೆ ಎರಡು ದಿನ ಇರುವಾಗ ಮೊದಲ ಪ್ರತಿಯನ್ನು ಯಾದೃಚ್ಛಿಕವಾಗಿ ತೆರೆದರೆ ತೆರೆದ ಪುಟದಲ್ಲೇ ತಪ್ಪು ಕಾಣುವುದು ಈ ಶಾಸ್ತ್ರದ ಅತ್ಯಂತ ಖಚಿತ ನಿಯಮ. ಕರ್ವ್ ಆಗಿ, ಪ್ಲೇಟ್ ಆಗಿ, ಹೊಲಿಗೆಯಾಗಿ, ಅಂಟು ಒಣಗಿದ ಪುಸ್ತಕಕ್ಕೆ ಇನ್ನು ಹೊರಗಿನಿಂದ ಚೀಟಿ ಸೇರಿಸುವುದೊಂದೇ ದಾರಿ. ಆದರೆ ಚೀಟಿಯೂ ಅಚ್ಚಾಗಬೇಕು. ಅಚ್ಚಾಗಬೇಕಾದರೆ ಅದಕ್ಕೊಂದು ಕಡತ ಬೇಕು, ಕಡತಕ್ಕೆ ಡಿಟಿಪಿ ಬೇಕು, ಡಿಟಿಪಿಯಲ್ಲಿ ಒಂದು ತಪ್ಪು ಬೇಕು. ಒಪ್ಪೋಲೆಗೆ ಒಪ್ಪೋಲೆ, ಅದಕ್ಕೂ ಇನ್ನೊಂದು: ತಾರ್ಕಿಕರು ಇದನ್ನು ಅನವಸ್ಥಾದೋಷವೆನ್ನುತ್ತಾರೆ. ‘ಶುದ್ಧಿಪತ್ರ’ ಎಂಬ ಶೀರ್ಷಿಕೆ ‘ಶುದ್‌ಧಿಪತ್‌ರ’ ಎಂದು ಬಂದಿದೆ, ನಿಲ್ಲಿಸಿ, ಬೇರೆ ಕಳಿಸುತ್ತೇನೆ ಎಂದು ಕವಿ ಘಾಟ್ಕೋಪರಿನ ಗದ್ದಲದಲ್ಲಿ ನಿಂತು ಲೋವರ್ ಪರೇಲಿಗೆ ಫೋನಿನಲ್ಲಿ ಕೂಗುತ್ತಾನೆ. ಆ ಕಡೆಯಿಂದ ಬರುವ ಉತ್ತರ: ‘ಭೇಜೋ ಸಾಹೇಬ್. ಲೇಕಿನ್ ಕರ್ವ್ ಕರ್ ಕೇ.’