ತಲೆಯ ಮೇಲೊಂದು ವೇಧಶಾಲೆ

ಮುಂಬೈಯ ಹವೆ ಅಳೆಯಲು ಸರಕಾರ ಎರಡು ಮುಖ್ಯ ವೇಧಶಾಲೆಗಳನ್ನು ಇಟ್ಟಿದೆ. ಒಂದು ಕೊಲಾಬಾದಲ್ಲಿ, ಇನ್ನೊಂದು ಸಾಂತಾಕ್ರೂಜಿನಲ್ಲಿ. ಮೂರನೆಯದು ವಿಲೆ ಪಾರ್ಲೆ ಪೂರ್ವದಲ್ಲಿ, ನನ್ನ ತಲೆಯ ಮೇಲೆ ಇದೆ. ಮೊದಲಿನ ಎರಡಕ್ಕೆ ಸಿಬ್ಬಂದಿ, ಸಂಬಳ, ರಜೆ ಎಲ್ಲ ಉಂಟು. ಮೂರನೆಯದರದು ಬಿಟ್ಟಿ ಸೇವೆ. ಆದರೂ ಗಾಳಿಯಲ್ಲಿ ತೇವ ಏರಿತೆಂಬ ಸುದ್ದಿ ಮೊದಲು ಮುಟ್ಟುವುದು ಇಲ್ಲಿಗೇ. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರಾಯಿತು. ಕೂದಲು ಕಿವಿಯ ಹಿಂದೆ ಕೂತಿದ್ದರೆ ಸಮುದ್ರದ ಗಾಳಿ ಇನ್ನೂ ಈ ಕಡೆ ತಿರುಗಿಲ್ಲ. ಹಣೆಯ ಸುತ್ತ ಎದ್ದು ನಿಂತಿದ್ದರೆ ಕೊಡೆ ಹಿಡಿದೇ ಹೊರಡಬೇಕು.

ಸರಕಾರದ ಎರಡರಲ್ಲಿ ನಾನು ಸಾಂತಾಕ್ರೂಜಿನ ಪಕ್ಷ. ನಮ್ಮ ನೆರೆಯದು ಎಂಬುದು ಒಂದು ಕಾರಣ. 2005ರ ಜುಲೈ 26ರ ಮಹಾಮಳೆಯಲ್ಲಿ ಅದು ಒಂದೇ ದಿನಕ್ಕೆ 944 ಮಿಲಿಮೀಟರ್ ದಾಖಲಿಸಿದರೆ ಕೊಲಾಬಾ ಬರೆದುಕೊಂಡದ್ದು ಬರೀ 73. ಒಂದೇ ಊರು, ಒಂದೇ ದಿನ! ಕೊಲಾಬಾ ಇರುವ ದಕ್ಷಿಣ ಮುಂಬೈಯ ಹೆಂಗಸರ ಕೂದಲು ಹೇಳಿದ ಹಾಗೆ ಕೇಳುತ್ತದೆಂದು ನನಗೆ ಮೊದಲಿಂದಲೂ ಗುಮಾನಿ ಇತ್ತು. ಇದಕ್ಕಿಂತ ದೊಡ್ಡ ಪುರಾವೆ ಬೇಡ. ಸುತ್ತ ಸಮುದ್ರ ಇಟ್ಟುಕೊಂಡ ಕೊಲಾಬಾದಲ್ಲಿ ತೇವ ನಮಗಿಂತ ಕಡಿಮೆ ಇರಲಾರದು, ಮಳೆ ಬೇರೆ ತೇವ ಬೇರೆ ಎಂದು ನಮ್ಮ ಮನೆಯವರ ತಕರಾರು. ಅವರ ತಲೆಯಲ್ಲಿ ಉಳಿದಿರುವುದು ಎರಡು ಕಿವಿಗಳ ಮೇಲಿನ ಪಟ್ಟಿ ಮಾತ್ರ. ಈ ವಿಷಯದಲ್ಲಿ ಅವರ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ತವರು ವಿಜಾಪುರ. ಅಲ್ಲಿಯ ಬಿಸಿಲು ನೆತ್ತಿ ಸುಡುತ್ತದೆ, ತುಟಿ ಒಡೆಯುತ್ತದೆ, ಆದರೆ ಕೂದಲಿನ ತಂಟೆಗೆ ಹೋಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ ಇಪ್ಪತ್ತರ ಮನೆಗೆ ಇಳಿಯುವ ಊರು ಅದು. ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ವಾರಕ್ಕೊಮ್ಮೆ ಅವ್ವ ಹರಳೆಣ್ಣೆ ಮೆತ್ತಿ, ಸೀಗೆಕಾಯಿಯಿಂದ ತಿಕ್ಕಿ, ಹಣಿಗೆಯಿಂದ ಸಿಕ್ಕು ಬಿಡಿಸಿ ಎರಡು ಹೆರಳು ಹಾಕಿದಳೆಂದರೆ ಮರುದಿನದ ಸಂಜೆಯ ತನಕ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಕೂದಲು ಗುಂಗುರು ಎಂಬುದು ಗೊತ್ತಿತ್ತು; ಅದಕ್ಕೂ ಸ್ವಂತ ಅಭಿಪ್ರಾಯಗಳಿವೆ ಎಂಬುದು ತಿಳಿದದ್ದು ಮದುವೆಯಾಗಿ ಪಾರ್ಲೆಗೆ ಬಂದ ಮೇಲೆ.

ಒಂದು ಶ್ರಾವಣದಲ್ಲಿ ಅವ್ವ ಬಂದಳು. ಚೀಲ ಇಳಿಸುವ ಮೊದಲೇ ನನ್ನ ತಲೆ ನೋಡಿದಳು.

“ಯಾಕs, ತಲಿ ಬಾಚ್ಕೊಂಡಿಲ್ಲೇನು?”

“ಬಾಚ್ಕೊಂಡೀನಿ ಅವ್ವಾ.”

“ಯಾವಾಗ?”

“ಈಗs, ನೀ ಬರೋ ಮುಂದ.”

ಅವ್ವ ನಂಬಲಿಲ್ಲ. ತಾನೇ ಹಣಿಗೆ ಹಿಡಿದು ಕೂತಳು. ಬಾಚಿದಳು, ಮತ್ತೆ ಬಾಚಿದಳು. ಗುಂಗುರು ಕೂದಲನ್ನು ಒಣಗಿದ ಮೇಲೆ ಬಾಚಿದರೆ ಸುರುಳಿಗಳೆಲ್ಲ ಬಿಚ್ಚಿ, ಎಳೆ ಎಳೆ ಬೇರೆಯಾಗಿ, ಇದ್ದದ್ದರ ಎರಡು ಪಟ್ಟು ಆಗುತ್ತದೆ. ಅದೇ ಆಯಿತು. “ನಿಮ್ಮ ಊರಿನ ನೀರು ಸರಿ ಇಲ್ಲ” ಎಂದು ತೀರ್ಪು ಕೊಟ್ಟು ಎದ್ದಳು. ವಾರ ಕಳೆಯುವಷ್ಟರಲ್ಲಿ ಅವಳ ಬೆಳ್ಳಿಕೂದಲೂ ಹಣೆಯ ಮೇಲೆ ಎದ್ದು ಕೂತಿತು. ತಲೆಯ ಮೇಲೆ ಸೆರಗು ಎಳೆದುಕೊಂಡು ಸುಮ್ಮನಾದಳು. ಆಮೇಲೆ ನೀರಿನ ಮಾತು ಬರಲಿಲ್ಲ.

ತಪ್ಪು ನೀರಿನದಲ್ಲ, ಗಾಳಿಯದು. ಜುಲೈ ಆಗಸ್ಟಿನಲ್ಲಿ ಇಲ್ಲಿಯ ತೇವಾಂಶ ಸರಾಸರಿ ಶೇಕಡಾ 85ರ ಆಸುಪಾಸಿನಲ್ಲಿರುತ್ತದೆ. ಅಷ್ಟು ತೇವದಲ್ಲಿ ಮನೆಯ ಯಾವ ವಸ್ತು ತಾನೇ ನೆಟ್ಟಗಿದ್ದೀತು? ಕಿಟಕಿಯ ಕದ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಉಪ್ಪು ಭರಣಿಯಲ್ಲೇ ನೀರಾಗುತ್ತದೆ. ಹಪ್ಪಳ ಡಬ್ಬಿಯಲ್ಲಿದ್ದೂ ಮೆತ್ತಗಾಗುತ್ತದೆ. ಕಪಾಟಿನೊಳಗಿನ ಪುಸ್ತಕಗಳ ಹಾಳೆ ಅಲೆಯಾಗುತ್ತದೆ. ಇವಕ್ಕೆಲ್ಲ ‘ಮಳೆಗಾಲ ಅಲ್ಲವೇ’ ಎಂದು ಮಾಫಿ ಸಿಗುತ್ತದೆ; ಕೂದಲು ಉಬ್ಬಿದರೆ ಮಾತ್ರ ಅದರ ಒಡತಿ ಅಶಿಸ್ತಿನವಳು! ಈ ಅನ್ಯಾಯದ ಬಗ್ಗೆ ಯಾವ ಮಹಿಳಾ ಮಂಡಳಿಯೂ ಠರಾವು ಮಾಡಿದ್ದು ನಾನು ಕಾಣೆ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಆ ಪ್ರೋಟೀನಿನ ಸರಪಳಿಗಳನ್ನು ಹಿಡಿದಿಟ್ಟ ಬಂಧಗಳಲ್ಲಿ ಎರಡು ಜಾತಿ ಮುಖ್ಯ. ಗಂಧಕದ ಬಂಧ ಗಟ್ಟಿ. ಹುಟ್ಟಿನಿಂದ ಬಂದ ಸುರುಳಿಯ ಗುಟ್ಟು ಅದರಲ್ಲಿದೆ. ಜಲಜನಕದ ಬಂಧ ಸಡಿಲ. ನೀರು ತಾಗಿದರೆ ಬಿಡುತ್ತದೆ, ಆರಿದರೆ ಆಗ ಹೇಗಿತ್ತೋ ಹಾಗೇ ಕೂಡಿಕೊಳ್ಳುತ್ತದೆ. ಬಿಸಿಗಾಳಿಯ ಯಂತ್ರ ಹಿಡಿದು ನೇರ ಮಾಡಿಕೊಂಡ ಕೂದಲೆಲ್ಲ ಈ ಸಡಿಲ ಬಂಧದ ಭರವಸೆಯ ಮೇಲೆ ನಿಂತದ್ದು. ಪಾರ್ಲೆ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಗಾಳಿಯ ನೀರಿನ ಕಣಗಳು ಒಳಹೊಕ್ಕು ಆ ಒಪ್ಪಂದವನ್ನು ಮುರಿದು ಹಾಕುತ್ತವೆ. ಅದೂ ಅಲ್ಲದೆ, ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಸರಾಗ ತುದಿಯ ತನಕ ಇಳಿಯುತ್ತದೆ. ಗುಂಗುರಿನ ತಿರುವುಗಳಲ್ಲಿ ಅರ್ಧ ದಾರಿಗೇ ನಿಲ್ಲುತ್ತದೆ. ತುದಿ ಒಣಗಿ ಬಾಯಾರುತ್ತದೆ. ಬಾಯಾರಿದ್ದು ಕುಡಿಯುತ್ತದೆ, ಕುಡಿದದ್ದು ಉಬ್ಬುತ್ತದೆ.

ಇದನ್ನು ದೋಷವೆಂದು ತಿಳಿಯದೆ ಗುಣವೆಂದು ಕಂಡ ಪುಣ್ಯಾತ್ಮ ಒಬ್ಬನಿದ್ದ. ಜಿನೀವಾದ ಒರಾಸ್ ಬೆನೆದಿಕ್ತ್ ದ ಸೊಸೂರ್. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಮನುಷ್ಯನ ಕೂದಲು ನೂರಕ್ಕೆ ಎರಡು, ಎರಡೂವರೆ ಪಾಲು ಉದ್ದವಾಗುತ್ತದೆ. ಈ ಗುಣವನ್ನೇ ಹಿಡಿದು ಅವನು ಕೂದಲೆಳೆಗೆ ಒಂದು ಮುಳ್ಳು ಕಟ್ಟಿ, ತೇವಾಂಶ ಅಳೆಯುವ ಯಂತ್ರ ಮಾಡಿ, 1783ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಎಲೆಕ್ಟ್ರಾನಿಕ್ ಸಾಧನಗಳು ಬರುವ ತನಕ ಜಗತ್ತಿನ ವೇಧಶಾಲೆಗಳಲ್ಲಿ ಕೂದಲಿನ ಕಟ್ಟೊಂದು ಹಿಗ್ಗಿ ಕುಗ್ಗಿ, ಸುತ್ತುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಶತಮಾನಗಳ ಕಾಲ ಹವಾಮಾನ ಶಾಸ್ತ್ರ ನಂಬಿ ನಡೆದದ್ದು ಯಾರದೋ ತಲೆಗೂದಲನ್ನು. ಹಾಗಾದರೆ ನನ್ನದು ಹದ ತಪ್ಪಿದೆ ಎನ್ನುವುದು ಹೇಗೆ? ಅದು ಕೆಲಸ ಮಾಡುತ್ತಿದೆ.

ಸೊಸೂರ್ ಕೂದಲನ್ನು ಯಂತ್ರಕ್ಕೆ ಕಟ್ಟುವ ಮೊದಲು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದ. ಜಿಡ್ಡಿದ್ದರೆ ಕೂದಲಿಗೆ ತೇವ ಬೇಗ ತಿಳಿಯುವುದಿಲ್ಲ, ಯಂತ್ರ ಮಂಕಾಗುತ್ತದೆ. ನಮ್ಮ ಅವ್ವ ಮಾಡುತ್ತಿದ್ದದ್ದು ಇದರ ತದ್ವಿರುದ್ಧ. ಕೂದಲಿಗೆ ಏನೂ ತಿಳಿಯಬಾರದೆಂದೇ ಎಣ್ಣೆ. ವಿಜ್ಞಾನಿ ಎಣ್ಣೆ ತೆಗೆದು ಕಂಡುಕೊಂಡದ್ದನ್ನು ಅವ್ವಂದಿರು ಎಣ್ಣೆ ಹಚ್ಚಿ ಕಂಡುಕೊಂಡಿದ್ದರು. ಇದನ್ನು ಫೋನಿನಲ್ಲಿ ವಿವರಿಸಿದಾಗ ಅವ್ವ, “ಅಷ್ಟ ಓದಿ ತಿಳ್ಕೊಂಡಿ, ಎಣ್ಣಿ ಹಚ್ಚಿದಿ ಏನಿಲ್ಲ?” ಎಂದಳು.

ಎಣ್ಣೆ ಯಾವುದು ಎಂಬಲ್ಲಿ ಪಾರ್ಲೆಯಲ್ಲಿ ಒಮ್ಮತವಿಲ್ಲ. ಪಕ್ಕದ ಮನೆಯ ಕಾಕೂ ಖೋಬರೇಲ, ಅಂದರೆ ತೆಂಗಿನೆಣ್ಣೆ, ಬಿಟ್ಟು ಬೇರೇನನ್ನೂ ಒಪ್ಪುವವರಲ್ಲ, ಅದೂ ಬಿಸಿ ಮಾಡಿ. ಪಶ್ಚಿಮದ ಕಡೆಯ ಗುಜರಾತಿ ಬೆನ್ ಮೆಹಂದಿಗೆ ಮೊಸರು ಕಲಸಿ ಹಚ್ಚು ಎನ್ನುತ್ತಾರೆ. ಕಾಕೂ ಕಡೆಗೆ ಶಾಸ್ತ್ರದ ಬೆಂಬಲವಿದೆ: 2003ರಲ್ಲಿ ಮುಂಬೈಯ ಮ್ಯಾರಿಕೋ ಕಂಪನಿಯ ಆರತಿ ರೇಲೆ, ಮೊಹಿಲೆ ಎಂಬ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ನೋಡಿ, ಒಳಗಿಳಿದು ಪ್ರೋಟೀನು ಸೋರದಂತೆ ಕಾಯುವುದು ತೆಂಗಿನೆಣ್ಣೆಯೊಂದೇ ಎಂದರು. ತೆಂಗಿನೆಣ್ಣೆ ಮಾರುವ ಕಂಪನಿಯೇ ಹೀಗೆ ಹೇಳಿದರೆ ಹುಬ್ಬೇರುವುದು ಸಹಜ. ಆದರೆ ಕಾಕೂ ಆ ಕಂಪನಿಯ ಷೇರುದಾರರಲ್ಲ. ಅವರ ಜಡೆ ಎಪ್ಪತ್ತು ದಾಟಿದರೂ ಸೊಂಟದ ಕೆಳಗೆ ಬರುತ್ತದೆ.

ಇನ್ನು ಸಾಂತಾಕ್ರೂಜಿನ ಪೇಜಾವರ ಮಠದಲ್ಲಿ ಪರಿಚಯವಾದ ಉಡುಪಿ ಕಡೆಯ ಅಕ್ಕ ಕಲಿಸಿದ್ದು ದಾಸವಾಳದ ಗೊಂಪು. ಎಲೆಗಳನ್ನು ನೀರಿನಲ್ಲಿ ಕೈಯಿಂದಲೇ ಕಿವುಚಬೇಕು, ಲೋಳೆ ಬಿಟ್ಟ ಮೇಲೆ ಸೋಸಬೇಕು. ಎಣ್ಣೆ ಹಚ್ಚಿದ ತಲೆಗೆ ಇದನ್ನು ಹಾಕಿ ತೊಳೆದರೆ ಜಿಡ್ಡು ಹದಕ್ಕೆ ಹೋಗುತ್ತದೆ, ಲೋಳೆ ಎಳೆ ಎಳೆಗೂ ತೆಳ್ಳಗೆ ಅಂಟಿ ಉಳಿಯುತ್ತದೆ. ಪಾರ್ಲರಿನ ಸೀಸೆಗಳಲ್ಲಿ ನೂರಾರು ರೂಪಾಯಿಗೆ ಸಿಗುವ ಕಂಡೀಷನರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ತೊಂದರೆ ಎಂದರೆ ದಾಸವಾಳದ ಗಿಡ ನಮ್ಮದಲ್ಲ, ಸೊಸೈಟಿಯದು. ಹೂವು ಕೀಳಬಾರದೆಂದು ಸೆಕ್ರೆಟರಿ ಮರಾಠಿಯಲ್ಲಿ ಬೋರ್ಡು ಬರೆಸಿದ್ದಾರೆ. ಎಲೆಯ ಬಗ್ಗೆ ಬೋರ್ಡು ಏನೂ ಹೇಳುವುದಿಲ್ಲ. ಗಿಡವೀಗ ಬರೀ ಹೂ ಹೊತ್ತುಕೊಂಡು ನಿಂತಿದೆ. ಯಾಕೆ ಹೀಗಾಯಿತೆಂದು ಮಾಲಿಯನ್ನು ಕೇಳುತ್ತಿದ್ದಾರೆ.

ಕೂದಲಿನ ವಿಚಾರದಲ್ಲಿ ಮುಂಬೈ ಹೆಂಗಸರ ನಿಜವಾದ ಸಂಸತ್ತು ಲೋಕಲ್ ಗಾಡಿಯ ಲೇಡೀಸ್ ಡಬ್ಬಿ. ಮನೆಯಲ್ಲಿ ಬಾಚಲು ಪುರಸೊತ್ತಾಗದವರು ಬಾಂದ್ರಾ ಬರುವಷ್ಟರಲ್ಲಿ ಜಡೆ ಮುಗಿಸುತ್ತಾರೆ. ಕ್ಲಚರು, ರಬ್ಬರ್ ಬ್ಯಾಂಡು, ಪಿನ್ನುಗಳನ್ನು ತೂಗುಹಾಕಿಕೊಂಡ ಹುಡುಗಿ ಆ ನೂಕುನುಗ್ಗಲಲ್ಲೂ ದಾರಿ ಮಾಡಿಕೊಂಡು ಬರುತ್ತಾಳೆ. ನನ್ನ ಮುಂದೆ ಬಂದಾಗ ಅವಳು ಬೆಲೆ ಹೇಳುವುದಿಲ್ಲ. ಸುಮ್ಮನೆ ಎಲ್ಲಕ್ಕಿಂತ ದೊಡ್ಡ ಕ್ಲಚರನ್ನು ತೆಗೆದು ಹಿಡಿಯುತ್ತಾಳೆ. 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಎ.ಸಿ. ಲೋಕಲ್ ಓಡಲು ಶುರುವಾದ ಮೇಲೆ ಇನ್ನೊಂದು ಚಮತ್ಕಾರ ನೋಡಿದೆ. ಯಂತ್ರ ಗಾಳಿಯ ನೀರನ್ನೆಲ್ಲ ಹಿಂಡಿ ತೆಗೆಯುವುದರಿಂದ ದಾದರ್ ದಾಟುವ ಹೊತ್ತಿಗೆ ಕೂದಲು ತಾನಾಗಿ ಇಳಿಯುತ್ತದೆ. ಚರ್ಚ್‌ಗೇಟಿನಲ್ಲಿಳಿದು ಈರೋಸ್ ಟಾಕೀಸಿನ ಕಡೆಗೆ ರಸ್ತೆ ದಾಟಿದರೆ ಮತ್ತೆ ಏರುತ್ತದೆ. ಮಾಸಿಕ ಪಾಸಿಗೆ ಕೊಟ್ಟ ಹೆಚ್ಚಿನ ಹಣದ ಫಲ ಅರ್ಧ ಗಂಟೆಯ ಸೌಂದರ್ಯ.

ಪಾರ್ಲರಿನ ಹುಡುಗಿಯರು ಇಷ್ಟಕ್ಕೆ ಒಪ್ಪುವುದಿಲ್ಲ. ಹುಬ್ಬು ತಿದ್ದಿಸಲು ಹೋದರೂ ಕಣ್ಣು ಮೇಲಕ್ಕೇ. ಕೆರಾಟಿನ್ ಮಾಡಿಸಿ ಮೇಡಮ್, ನಾಲ್ಕೈದು ತಿಂಗಳು ಚಿಂತೆ ಇಲ್ಲ. ಮೊದಲೇ ಕೆರಾಟಿನ್ನಿನಿಂದಲೇ ಆದದ್ದಕ್ಕೆ ಮತ್ತೆ ಕೆರಾಟಿನ್ ಏಕೆ ಎಂದರೆ ಉತ್ತರವಿಲ್ಲ. ಇಂಥ ಮದ್ದುಗಳಲ್ಲಿ ಹಲವು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಕಪ್ಪೆ ಕೆಡದಂತೆ ಇಡಲು ಬಳಸುವುದೂ ಅದನ್ನೇ. ಕಣ್ಣುರಿ, ಗಂಟಲುರಿ ಬೇರೆ. ಅದಿರಲಿ ಎಂದರೂ ಒಂದು ಷರತ್ತು ಬರುತ್ತದೆ: ಮಾಡಿಸಿದ ಮೇಲೆ ಮೂರು ದಿನ ತಲೆಗೆ ನೀರು ಸೋಕಬಾರದು. ಜುಲೈ ತಿಂಗಳಲ್ಲಿ, ಮಿಲನ್ ಸಬ್‌ವೇ ತುಂಬಿ ಹರಿಯುವ ಈ ಸೀಮೆಯಲ್ಲಿ, ಮೂರು ದಿನ! ಡಿಸೆಂಬರಿನಲ್ಲಿ ಮಾಡಿಸಿ ಅನ್ನುತ್ತಾರೆ. ಡಿಸೆಂಬರಿನಲ್ಲಿ ನನ್ನ ಕೂದಲು ಚೆನ್ನಾಗಿಯೇ ಇರುತ್ತದೆ.

ಇದೇ ಕೂದಲು ಗಂಡಸರ ತಲೆಯ ಮೇಲಿದ್ದರೆ ಮಾತೇ ಬೇರೆ. ನಮ್ಮ ಮಾಹಿಮಿನ ಹುಡುಗ ಉಸ್ತಾದ್ ಜಾಕಿರ್ ಹುಸೇನ್ ಚಹಾದ ಜಾಹೀರಾತಿನಲ್ಲಿ ತಬಲದ ಜೊತೆ ತಲೆ ಕೊಡವಿದಾಗ ದೇಶವೆಲ್ಲ ವಾಹ್ ಅಂದಿತು. ಕೆದರಿದ ಕೂದಲು ಅಲ್ಲಿ ಕಲೆಯ ಭಾಗ. ನಾನು ತಲೆ ಕೊಡವಿದರೆ ಪಕ್ಕದವರು ಕನ್ನಡಕ ಒರೆಸಿಕೊಳ್ಳುತ್ತಾರೆ. ಶ್ರಾವಣ ಸೋಮವಾರ ಪಾರ್ಲೇಶ್ವರನ ಗುಡಿಯಲ್ಲಿ ಸಾಲಿನಲ್ಲಿ ನಿಂತಾಗ ಇನ್ನೊಂದು ವಿಚಾರ ಹೊಳೆಯಿತು. ಸಾಕ್ಷಾತ್ ಗಂಗೆಯನ್ನೇ ತಲೆಯಲ್ಲಿ ಇಟ್ಟುಕೊಂಡವನ ಕೂದಲು ಜಟೆ ಕಟ್ಟದೆ ಇನ್ನೇನಾದೀತು? ಪುರಾಣಗಳು ತಪಸ್ಸಿನ ಕಾರಣ ಹೇಳಲಿ; ನನ್ನ ಪ್ರಕಾರ ಅದು ತೇವಾಂಶ. ಹಿಂದೆ ನಿಂತಿದ್ದ ಕಾಕೂಗೆ ಹೇಳಿದರೆ ಅವರು ಕೆನ್ನೆ ಬಡಿದುಕೊಂಡರು, ಆಮೇಲೆ ನಕ್ಕರು.

ಊರಿಗೆ ಹೆಸರು ತಂದ ಬಿಸ್ಕಿಟಿನ ಕಾರ್ಖಾನೆ 1929ರಿಂದ ಇಲ್ಲೇ ಇತ್ತು. 2016ರಲ್ಲಿ ನಿಲ್ಲುವ ತನಕ ಅದರ ಪರಿಮಳ ನಮ್ಮೆಲ್ಲರ ಕೂದಲಿಗೂ ಹತ್ತುತ್ತಿತ್ತು. ಮಳೆ, ಬಿಸಿಲು, ಅಕ್ಟೋಬರದ ಧಗೆ, ಯಾವುದಕ್ಕೂ ಕೂದಲು ಕದಲಿಸದ ಪಾರ್ಲೆಯ ಹುಡುಗಿ ಇರುವವಳು ಒಬ್ಬಳೇ, ಆ ಪೊಟ್ಟಣದ ಮೇಲಿನವಳು. ಅವಳು ಚಿತ್ರ.

ನನ್ನ ಪದ್ಧತಿ ಈಗ ಸರಳ. ಹಿಂದಿನ ರಾತ್ರಿ ಎಣ್ಣೆ, ಬೆಳಿಗ್ಗೆ ಗೊಂಪು. ಒದ್ದೆ ಇರುವಾಗಲೇ ಅಗಲ ಹಲ್ಲಿನ ಹಣಿಗೆ. ಟವಲಿನಿಂದ ತಿಕ್ಕುವುದು ಬಿಟ್ಟು ಮನೆಯವರ ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆಯುವುದು, ಅಂಗೈಗೆ ನಾಲ್ಕು ಹನಿ ಖೋಬರೇಲ ಸವರಿ ತುದಿಗೆ ತಾಗಿಸುವುದು, ತುರುಬು ಕಟ್ಟಿ ದೊಡ್ಡ ಕ್ಲಚರು ಸಿಕ್ಕಿಸುವುದು. ಆಮೇಲೆ ಕನ್ನಡಿ ನೋಡಬಾರದು, ಇದು ಮುಖ್ಯ.

ನಮ್ಮ ಕಡೆಯಿಂದ ಪಾರ್ಲೆಗೆ ಬರುವವರಿಗೆ ಒಂದು ಮಾತು. ಆದಷ್ಟು ಜನವರಿಯಲ್ಲಿ ಬನ್ನಿ, ಆಗ ನಾವೂ ನೋಡಲು ಚೆನ್ನಾಗಿರುತ್ತೇವೆ. ಮಳೆಗಾಲದಲ್ಲೇ ಬರಬೇಕಾದರೆ ವಿಜಾಪುರದ ಗಾಣದ ಹರಳೆಣ್ಣೆ ಒಂದು ಸೀಸೆ ತನ್ನಿ, ಬಾಗಿಲು ತೆರೆದ ಕೂಡಲೇ ತಲೆ ಬಾಚಿಲ್ಲವೇ ಎಂದು ಮಾತ್ರ ಕೇಳಬೇಡಿ. ನೀವು ಬಂದು ನಾಲ್ಕು ದಿನ ಆದ ಮೇಲೆ ಆ ವಿಷಯ ಮಾತಾಡೋಣ.